ಮಲೆನಾಡಿನ ಹಳೇ ಪಿಕಪ್ ಗಾಡಿ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವೆ. ಮನೆಯಲ್ಲಿ 2008ರ ಮಾಡೆಲ್ ಪಿಕಪ್ ಇದೆ. ಅಡಿಕೆ, ಗೊಬ್ಬರ, ದರಗು, ದನ, ಮದುವೆ ಮನೆಯ ಪಾತ್ರೆ, ಎಲ್ಲವನ್ನೂ ಅದೇ ಹೊತ್ತಿದೆ. ಅಕ್ಕಪಕ್ಕದ ಊರಿನವರು ಗಾಡಿ ಕೆಟ್ಟಾಗ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಬೊಲೆರೊ ಪಿಕಪ್, ಕ್ಯಾಂಪರ್, ಟಾಟಾ 207, ಹೀಗೆ ಹತ್ತು ಹದಿನೈದು ವರ್ಷ ದಾಟಿದ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಇದು.

ಒಂದು ಮಾತು ಮೊದಲೇ ಹೇಳುತ್ತೇನೆ. ಬಯಲುಸೀಮೆಯಲ್ಲಿ ಗಾಡಿ ಧೂಳಿಗೆ ಸೋಲುತ್ತದೆ. ನಮ್ಮಲ್ಲಿ ಸೋಲುವುದು ನೀರಿಗೆ ಮತ್ತು ಏರಿಗೆ. ಯಾವ ತೊಂದರೆ ಬಂದರೂ ಪಾರ್ಟ್ ಬದಲಿಸುವ ಮೊದಲು ನೀರು ಎಲ್ಲಿಗೆ ಹೊಕ್ಕಿದೆ, ಏರು ಇಳಿಜಾರು ಯಾವುದನ್ನು ದಣಿಸಿದೆ ಅಂತ ನೋಡಿ. ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ಬೆಳಗ್ಗೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಡೀಸೆಲ್ ಪಂಪ್ ಹೋಯಿತಾ?

ಪಂಪ್ ಹೋಗಿರುವ ಸಾಧ್ಯತೆ ಕಡಿಮೆ. ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ, ರಾತ್ರಿ ಗಾಡಿ ಯಾವ ಕಡೆ ಮುಖ ಮಾಡಿ ನಿಂತಿತ್ತು? ನಮ್ಮ ಮನೆಗಳ ಅಂಗಳಕ್ಕೆ ಬರುವ ದಾರಿ ಸಪಾಟಾಗಿ ಇರುವುದೇ ಅಪರೂಪ. ಡೀಸೆಲ್ ಟ್ಯಾಂಕ್ ಹಿಂದೆ ಇರುತ್ತದೆ, ಎಂಜಿನ್ ಮುಂದೆ ಇರುತ್ತದೆ. ಗಾಡಿ ಏರಿಗೆ ಮುಖ ಮಾಡಿ ನಿಂತಿದ್ದು, ಪೈಪಿನಲ್ಲಿ ಎಲ್ಲೋ ಒಂದು ಕಡೆ ಗಾಳಿ ಎಳೆಯುವಷ್ಟು ಸೀಳು ಇದ್ದರೆ, ರಾತ್ರಿಯಿಡೀ ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಗ್ಗೆ ಪೈಪಿನಲ್ಲಿ ಇರುವುದು ಬರೀ ಗಾಳಿ. ಪರೀಕ್ಷೆ ಸುಲಭ. ಇವತ್ತು ರಾತ್ರಿ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಬೆಳಗ್ಗೆ ಒಂದೇ ಸಲಕ್ಕೆ ಹಿಡಿದರೆ ತೊಂದರೆ ಪೈಪಿನದ್ದೇ.

ನನಗೆ ಇದು ದುಬಾರಿ ಪಾಠ. ಒಂದು ಗ್ಯಾರೇಜಿನಲ್ಲಿ ಪಂಪ್ ಬಿಚ್ಚಬೇಕು ಅಂದರು, ನಾನು ಒಪ್ಪಿದೆ. ಪಂಪ್ ಓವರ್‌ಹಾಲ್ ಆಗಿ ಬಂತು, ಮೂರನೇ ದಿನ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕಿದ್ದು ಟ್ಯಾಂಕಿನ ಬಳಿ ಒಂದು ಗೇಣು ರಬ್ಬರ್ ಪೈಪು, ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಸೀಳು. ಹೊರಗೆ ಡೀಸೆಲ್ ತೊಟ್ಟಿಕ್ಕುತ್ತಿರಲಿಲ್ಲ. ಎಳೆಯುವ ಕಡೆಯ ಪೈಪು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಡೀಸೆಲ್ ಹೊರಗೆ ಬಿಡಲೇಬೇಕು ಅಂತೇನಿಲ್ಲ. ಅದು ಆಗ ನನಗೆ ಗೊತ್ತಿರಲಿಲ್ಲ.

ಪೈಪು ಸರಿ ಇದ್ದರೆ ಆಮೇಲೆ ನೋಡಬೇಕಾದದ್ದು ಫಿಲ್ಟರ್. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಕಟ್ಟಿ ನೀರು ತಳಕ್ಕೆ ಇಳಿಯುತ್ತದೆ. ಫಿಲ್ಟರ್ ಅಥವಾ ವಾಟರ್ ಸೆಪರೇಟರ್ ತಳದ ಸ್ಕ್ರೂ ಸಡಿಲ ಮಾಡಿ ಒಂದು ಗಾಜಿನ ಲೋಟಕ್ಕೆ ಬಿಡಿ. ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುತ್ತದೆ, ಕಣ್ಣಿಗೇ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹದಿನೈದು ದಿನಕ್ಕೊಮ್ಮೆ ಬಿಡುತ್ತೇನೆ. ರಾತ್ರಿ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿದ್ದಷ್ಟೂ ಒಳ್ಳೆಯದು.

ಇನ್ನೂ ಒಂದು. ಕೀ ಹಾಕಿದಾಗ ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ಬಿಡುವ, ನಿಲ್ಲಿಸುವ ವಾಲ್ವ್) ಟಕ್ ಅನ್ನಬೇಕು. ಅನ್ನದಿದ್ದರೆ ಅಲ್ಲಿಗೆ ಕರೆಂಟ್ ಬರುತ್ತಿಲ್ಲ, ಫ್ಯೂಸ್ ನೋಡಿ. ಎಳೆದು ನಿಲ್ಲಿಸುವ ಕೇಬಲ್ ಇರುವ ಗಾಡಿಯಾದರೆ, ಆ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗದೆ ಸಿಕ್ಕಿಕೊಂಡಿರುತ್ತದೆ.

ಡೀಸೆಲ್ ಪೈಪಿನೊಳಗೆ ಸೇರಿದ ಏರ್ ತೆಗೆಯುವುದು ಹೇಗೆ? ನಾನೇ ಮಾಡಬಹುದಾ?

ಹಳೇ ಮೆಕ್ಯಾನಿಕಲ್ ಪಂಪ್ ಇದ್ದರೆ ಧಾರಾಳವಾಗಿ ಮಾಡಬಹುದು. ಫಿಲ್ಟರ್ ತಲೆಯ ಮೇಲಿನ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ. ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತುವ ಸಣ್ಣ ಪಂಪ್) ಒತ್ತುತ್ತಾ ಹೋಗಿ. ಮೊದಲು ಗುಳ್ಳೆ ಗುಳ್ಳೆಯಾಗಿ ನೊರೆ ಬರುತ್ತದೆ, ಆಮೇಲೆ ಶುದ್ಧ ಡೀಸೆಲ್. ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಅಷ್ಟಕ್ಕೂ ಹಿಡಿಯದಿದ್ದರೆ ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿ) ಪೈಪಿನ ನಟ್ ಅರ್ಧ ಸುತ್ತು ಸಡಿಲ ಮಾಡಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಸುಡುತ್ತದೆ.

ಕಾಮನ್ ರೈಲ್ (ಎಲ್ಲ ನಾಝಲ್‌ಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ) ಎಂಜಿನ್ ಆಗಿದ್ದರೆ ನಾಝಲ್ ಪೈಪ್ ಮುಟ್ಟಲೇಬೇಡಿ. ಓಡುವಾಗ ಅದರೊಳಗಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮ ಸೀಳಿ ಡೀಸೆಲ್ ಮೈಯೊಳಗೆ ಹೋಗುವಷ್ಟು. ಅದನ್ನು ಬಲ್ಲವರಿಗೇ ಬಿಡಿ.

ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಅನ್ನುತ್ತದೆ.

ಒಂದೇ ಸಮನೆ ಟಿಕ್ ಟಿಕ್ ಟಿಕ್ ಅಂದರೆ ಬ್ಯಾಟರಿಯಲ್ಲಿ ಜೀವ ಸಾಲದು, ಅಥವಾ ಟರ್ಮಿನಲ್ ಕೂತಿಲ್ಲ. ಒಂದೇ ಸಲ ದಪ್ಪಗೆ ಟಕ್ ಅಂದು ಸುಮ್ಮನಾದರೆ ಸೆಲ್ಫ್ ಮೋಟಾರಿನ ಸೊಲೆನಾಯ್ಡ್ ಅಥವಾ ಕಾರ್ಬನ್ ಬ್ರಷ್ ನೋಡಬೇಕು.

ಮಲ್ಟಿಮೀಟರ್ ಒಂದು ಇಟ್ಟುಕೊಳ್ಳಿ, ದೊಡ್ಡ ಬೆಲೆ ಏನಲ್ಲ. ಗಾಡಿ ನಿಂತು ಕೆಲವು ಗಂಟೆ ಆದ ಮೇಲೆ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರೊಳಗೆ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿ ತಂದರೂ ಅದೂ ಮಲಗುತ್ತದೆ, ಯಾಕೆಂದರೆ ತಪ್ಪು ಬೆಲ್ಟಿನದ್ದು ಅಥವಾ ಡೈನಮೋದ್ದು.

ನಮ್ಮ ತೇವಕ್ಕೆ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟುತ್ತದೆ. ಅಡುಗೆ ಸೋಡಾ ಕದಡಿದ ಬಿಸಿ ನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಸವರಿ. ಮತ್ತೆ ಎಂಜಿನ್‌ನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ ನೋಡುವುದನ್ನು ತುಂಬಾ ಜನ ಮರೆಯುತ್ತಾರೆ. ಅದು ಕೆಸರು ಹಾರುವ ಜಾಗದಲ್ಲೇ ಇರುತ್ತದೆ. ಬೋಲ್ಟ್ ಬಿಚ್ಚಿ, ಎರಡೂ ಕಡೆ ತುಕ್ಕು ಉಜ್ಜಿ ತೆಗೆದು ಬಿಗಿ ಮಾಡಿದರೆ ಎಷ್ಟೋ ಸಲ ಸೆಲ್ಫೂ ಸರಿಯಾಗುತ್ತದೆ, ಮಂಕಾಗಿದ್ದ ಹೆಡ್‌ಲೈಟೂ ಸರಿಯಾಗುತ್ತದೆ.

ದೂಡಿ ಸ್ಟಾರ್ಟ್ ಮಾಡಬಹುದಾ?

ಬ್ಯಾಟರಿ ಕಾರಣವಾದರೆ ಮಾಡಬಹುದು. ಕೀ ಆನ್ ಇರಲಿ, ಎರಡನೇ ಗೇರ್ ಹಾಕಿ. ಆದರೆ ಎಂಜಿನ್ ಹಿಡಿಯುವವರೆಗೆ ಬ್ರೇಕ್ ಬೂಸ್ಟರ್ (ಪೆಡಲ್ ಒತ್ತುವ ಕಾಲಿಗೆ ಬಲ ಕೂಡಿಸುವ ಡಬ್ಬಿ) ಕೆಲಸ ಮಾಡುವುದಿಲ್ಲ. ಆದ್ದರಿಂದ ಮುಂದೆ ತಿರುವು ಇರುವ ಇಳಿಜಾರಿನಲ್ಲಿ ಈ ಪ್ರಯತ್ನ ಬೇಡವೇ ಬೇಡ.

ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ, ಸಪಾಟು ರಸ್ತೆಯಲ್ಲಿ ಏನೂ ಇಲ್ಲ.

ಇದು ಮಲೆನಾಡಿನ ಅತಿ ಸಾಮಾನ್ಯ ದೂರು. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು, ಲೋಡ್ ಗಾಡಿ ಎರಡನೇ ಗೇರಲ್ಲಿ ಗೊರಗೊರ ಅಂತ ಹತ್ತಬೇಕು. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿಯ ವೇಗ ಕಡಿಮೆ, ರೇಡಿಯೇಟರ್‌ಗೆ ಎದುರುಗಾಳಿ ಇಲ್ಲ. ಇರುವುದು ಫ್ಯಾನ್ ಒಂದೇ. ಹಾಗಾಗಿ ಸಣ್ಣ ಕೊರತೆಯೂ ಘಾಟಿಯಲ್ಲಿ ಬಯಲಾಗುತ್ತದೆ.

ನೋಡುವ ಕ್ರಮ ಹೀಗಿರಲಿ. ಮೊದಲು ರೇಡಿಯೇಟರ್ ಹೊರಗಿನ ಜಾಲರಿ. ಕೆಂಪು ಮಣ್ಣು, ಹುಳ, ಅಡಿಕೆ ಸಿಪ್ಪೆಯ ನಾರು ಸೇರಿ ಗೋಡೆಗೆ ಮೆತ್ತಿದ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿ. ಜೋರಾಗಿ ಹೊಡೆದರೆ ತೆಳು ಪಟ್ಟಿಗಳು ಮಡಚಿಕೊಂಡು ಇನ್ನೂ ಗಾಳಿ ಕಟ್ಟುತ್ತದೆ. ಆಮೇಲೆ ಫ್ಯಾನ್ ಬೆಲ್ಟ್, ಹೆಬ್ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರ್‌ನಷ್ಟು ಬಗ್ಗಬೇಕು. ಆಮೇಲೆ ರೇಡಿಯೇಟರ್ ಮುಚ್ಚಳ. ಅದು ಒತ್ತಡ ಹಿಡಿದಿಟ್ಟರೆ ಮಾತ್ರ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ, ಇದ್ದುದರಲ್ಲಿ ಅಗ್ಗದ ಪಾರ್ಟ್ ಅದೇ. ನಂತರ ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್. ಬಿಚ್ಚಿ ಬಿಸಿ ನೀರಿನ ಪಾತ್ರೆಯಲ್ಲಿ ಹಾಕಿ ನೋಡಿ, ಸುಮಾರು 82 ಡಿಗ್ರಿಗೆ ಬಾಯಿ ತೆರೆಯಲು ಶುರು ಮಾಡಬೇಕು. ಕೆಲವರು ಅದನ್ನು ತೆಗೆದೇ ಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಹಿಡಿದು ಸವೆತ ಜಾಸ್ತಿಯಾಗುತ್ತದೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ.

ಇಷ್ಟೆಲ್ಲ ಸರಿ ಇದ್ದೂ ನೀರು ಕಡಿಮೆಯಾಗುತ್ತಲೇ ಇದ್ದರೆ, ಎಂಜಿನ್ ಓಡುವಾಗ ರೇಡಿಯೇಟರ್‌ನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಸೈಲೆನ್ಸರ್‌ನಿಂದ ಬಿಳಿ ಹಬೆ ನಿಲ್ಲದಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಪದರ) ಹೋಗಿದೆ ಅಂತ ಅರ್ಥ. ಆಗ ಓಡಿಸಬೇಡಿ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ. ನೀರು ಸೋರುತ್ತಿಲ್ಲ ಅಂದರೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ, ಫ್ಯಾನ್ ತಿರುಗಲಿ. ಸೋರುತ್ತಿದ್ದರೆ ತಕ್ಷಣ ಆಫ್ ಮಾಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಕಾದ ಎಂಜಿನ್‌ಗೆ ಝರಿಯ ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡುತ್ತದೆ.

ರೇಡಿಯೇಟರ್‌ಗೆ ಬಾವಿ ನೀರು ಹಾಕಿದರೆ ಏನಾಗುತ್ತದೆ?

ಅನಿವಾರ್ಯವಾದರೆ ಒಂದು ದಿನಕ್ಕೆ ಹಾಕಿ. ನಮ್ಮಲ್ಲಿ ಎಷ್ಟೋ ಬಾವಿ, ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಬಿಳಿ ಬಟ್ಟೆ ಕೆಂಪಗಾಗುತ್ತದಲ್ಲ, ಅದೇ ಕೆಂಪು ರೇಡಿಯೇಟರ್ ಕೊಳವೆಯೊಳಗೂ ಕೂರುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಕೂಲಂಟ್ ಬರೀ ಚಳಿಗೆ ಅಂತ ತಿಳಿದವರಿದ್ದಾರೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ.

ಘಾಟಿ ಇಳಿಯುವಾಗ ಬ್ರೇಕ್ ಮೆತ್ತಗಾಗುತ್ತದೆ, ಕೆಳಗೆ ನಿಂತ ಮೇಲೆ ಸರಿಯಾಗುತ್ತದೆ. ಹೆದರಬೇಕಾ?

ಹೆದರಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದಿ ಅಂದರೆ ಇದನ್ನೇ ಓದಿ ಅನ್ನುತ್ತೇನೆ.

ಎರಡು ಕಾರಣ ಇರುತ್ತದೆ. ಒಂದು, ಲೈನಿಂಗ್ ಮತ್ತು ಪ್ಯಾಡ್ ಅತಿಯಾಗಿ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಪೆಡಲ್ ಗಟ್ಟಿ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಎರಡು, ಬ್ರೇಕ್ ಆಯಿಲ್ ಕುದಿಯುತ್ತದೆ. ಆಗ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಇಲ್ಲಿಗೂ ನೀರೇ ಬಂತು ನೋಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ಗೆ ಇದೇ ಲೆಕ್ಕ 230 ಮತ್ತು 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಸಾಮಾನ್ಯ ಮಾತು. ಆಗುಂಬೆ, ಹುಲಿಕಲ್ ಕಡೆಯ ತೇವದಲ್ಲಿ ಓಡುವ ಗಾಡಿಗೆ ನಾನು ಪ್ರತಿ ಮೇ ತಿಂಗಳಲ್ಲಿ ಬದಲಿಸಿ ಅನ್ನುತ್ತೇನೆ. ಸೀಲ್ ಒಡೆದು ವರ್ಷವಾದ ಡಬ್ಬಿಯ ಆಯಿಲ್ ಹಾಕಬೇಡಿ.

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಿ ಇಳಿಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ, ದಯವಿಟ್ಟು ಬಿಡಿ. ಈ ಗಾಡಿಗಳಲ್ಲಿ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಪಂಪ್ ಸಾಮಾನ್ಯವಾಗಿ ಡೈನಮೋದ ಬೆನ್ನಿಗೇ ಇರುತ್ತದೆ. ಎಂಜಿನ್ ನಿಂತರೆ ಅದೂ ನಿಂತಿತು. ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಅಂದಹಾಗೆ, ಬೆಲ್ಟ್ ತುಂಡಾದರೂ ಇದೇ ಗತಿ. ಚಾರ್ಜಿಂಗ್ ದೀಪ ಹತ್ತಿದರೆ ಅದು ಬ್ರೇಕಿನ ಎಚ್ಚರಿಕೆಯೂ ಹೌದು ಅಂತ ತಿಳಿಯಿರಿ.

ಬೂಸ್ಟರ್ ಪರೀಕ್ಷೆ: ಎಂಜಿನ್ ಆಫ್ ಇಟ್ಟು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್, ಪಂಪ್, ಬೂಸ್ಟರ್ ಮೂರನ್ನೂ ನೋಡಿಸಿ.

ಕೆಲವು ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗ್‌ಗೆ (ಹಿಂದಿನ ಚಕ್ರಗಳ ಆಕ್ಸಲ್ ಇರುವ ಡಬ್ಬಿ) ಕಡ್ಡಿಯಿಂದ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಲೋಡ್ ಎಷ್ಟಿದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವುದು ಅದರ ಕೆಲಸ. ಕೆಸರಿಗೆ ಅದು ಜಾಮ್ ಆದರೆ ಲೋಡ್ ಹಾಕಿದಾಗ ಹಿಂದಿನ ಬ್ರೇಕ್ ಸಾಲುವುದಿಲ್ಲ, ಮುಂದಿನದು ಬೇಗ ಕಾಯುತ್ತದೆ. ಸರ್ವಿಸ್ ಮಾಡಿಸುವಾಗ ಅದು ಅಲುಗುತ್ತದಾ ಅಂತ ಕೇಳಿ.

ಮಳೆಗಾಲದಲ್ಲಿ ಎರಡು ದಿನ ನಿಂತ ಗಾಡಿಯ ಹಿಂದಿನ ಚಕ್ರ ತಿರುಗುವುದೇ ಇಲ್ಲ.

ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದ್ದೀರಿ, ಒದ್ದೆ ಲೈನಿಂಗ್ ಡ್ರಮ್ಮಿಗೆ ತುಕ್ಕಿನಿಂದ ಅಂಟಿದೆ. ಜೋರಾಗಿ ಎಳೆಯಬೇಡಿ, ಲೈನಿಂಗ್ ಕಿತ್ತು ಬರುತ್ತದೆ. ಹ್ಯಾಂಡ್‌ಬ್ರೇಕ್ ಬಿಟ್ಟು, ಡ್ರಮ್ಮಿನ ಸುತ್ತ ಮರದ ಕೊಡತಿಯಲ್ಲಿ ತಟ್ಟಿ, ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಇನ್ನು ಮುಂದೆ ಮಳೆಗಾಲದಲ್ಲಿ ಗೇರಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.

ಹಳ್ಳ ದಾಟುವಾಗ ಎಂಜಿನ್ ನಿಂತುಹೋಯಿತು. ಮತ್ತೆ ಸೆಲ್ಫ್ ಹೊಡೆಯಲಾ?

ಹೊಡೆಯಬೇಡಿ. ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ಫಿಲ್ಟರ್ ಒದ್ದೆ ಇದ್ದರೆ ಸಿಲಿಂಡರಿಗೆ ನೀರು ಹೋಗಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಆಮೇಲೆ ಪೂರ್ತಿ ಎಂಜಿನ್ ಕೆಲಸ. ಗಾಡಿ ಎಳೆಸಿಕೊಂಡು ಹೋಗಿ ನಾಝಲ್ ಬಿಚ್ಚಿಸಿ ನೀರು ಹೊರಹಾಕಿಸಿ.

ನಿಲ್ಲದೆ ದಾಟಿದರೂ ಎರಡು ಕೆಲಸ ಬಾಕಿ ಇರುತ್ತದೆ. ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತಿಕೊಂಡು ಓಡಿಸಿ, ಲೈನಿಂಗ್ ಒಣಗಲಿ. ಮನೆಗೆ ಬಂದ ಮೇಲೆ ಹಿಂದಿನ ಹೌಸಿಂಗ್ ಆಯಿಲ್ ನೋಡಿ. ಕಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅನ್ನುವ ಗಾಳಿ ತೂತಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಆ ವಾರವೇ ಬದಲಿಸಿ, ಇಲ್ಲದಿದ್ದರೆ ಒಳಗಿನ ಕ್ರೌನ್ ಗೇರ್ ಸವೆಯುತ್ತದೆ.

ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಥರ ಕಟ್ಟಿದೆ. ಗ್ಯಾಸ್ಕೆಟ್ ಹೋಯಿತಾ?

ಗಾಬರಿ ಬೇಡ. ಮಳೆಗಾಲದಲ್ಲಿ ಡೈರಿಗೆ, ಅಂಗಡಿಗೆ ಅಂತ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ತೇವ ಆವಿಯಾಗಿ ಹೋಗುವಷ್ಟು ಎಂಜಿನ್ ಕಾಯುವುದೇ ಇಲ್ಲ. ಡಿಪ್ ಸ್ಟಿಕ್ ತೆಗೆದು ನೋಡಿ. ಅಲ್ಲಿ ಆಯಿಲ್ ಕಪ್ಪಗೆ ಸಹಜವಾಗಿದ್ದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿಲ್ಲ ಅಂದರೆ ಅದು ಬರೀ ತೇವ. ಡಿಪ್ ಸ್ಟಿಕ್‌ನಲ್ಲೂ ಬೆಳ್ಳಗಿದ್ದರೆ ಗಾಡಿ ನಿಲ್ಲಿಸಿ.

ಹೊಗೆ ನೋಡಿ ಏನು ತಿಳಿಯಬಹುದು?

ಏರಿನಲ್ಲಿ ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ಏರ್ ಫಿಲ್ಟರ್, ಟರ್ಬೋ ಪೈಪಿನ ಸೀಳು, ನಾಝಲ್, ಓವರ್‌ಲೋಡ್, ಈ ಕ್ರಮದಲ್ಲಿ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಚಳಿ ಬೆಳಗಿನ ಬಿಳಿ ಹೊಗೆ ಎರಡು ನಿಮಿಷಕ್ಕೆ ನಿಂತರೆ ತೊಂದರೆ ಇಲ್ಲ. ಕಣ್ಣು ಉರಿಯುವಂತಿದ್ದು ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ನಾಝಲ್ ಅಥವಾ ಕಂಪ್ರೆಶನ್ ನೋಡಿಸಿ.

ಕ್ಲಚ್ ಪ್ಲೇಟ್ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಏರಿನಲ್ಲಿ ಎಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಸಪಾಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಮೇಲಿನ ಗೇರ್ ಹಾಕಿ, ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಅದಕ್ಕೂ ಮೊದಲು ಪೆಡಲಿನ ಫ್ರೀ ಪ್ಲೇ (ಒತ್ತಿದಾಗ ಮೊದಲು ಸಡಿಲವಾಗಿ ಇಳಿಯುವ ಅಂತರ) ನೋಡಿ, ಅದು ಇಲ್ಲದಿದ್ದರೆ ಒಳ್ಳೆ ಪ್ಲೇಟೂ ಜಾರುತ್ತದೆ. ಪೆಡಲ್ ಒತ್ತಿದಾಗ ಮಾತ್ರ ಕಿರ್ರ್ ಸದ್ದು ಬಂದರೆ ರಿಲೀಸ್ ಬೇರಿಂಗ್. ಗೇರ್‌ಬಾಕ್ಸ್ ಹೇಗೂ ಇಳಿಸಬೇಕಲ್ವಾ, ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ.

ಏರಿನಲ್ಲಿ ಎದುರಿಗೆ ಬಸ್ ಬಂದಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸವೇ ನಮ್ಮಲ್ಲಿ ಪ್ಲೇಟ್ ಬೇಗ ತಿನ್ನುವುದು.

ಹೊರಡುವಾಗ ಅಡಿಯಿಂದ ಟಣ್ ಅನ್ನುತ್ತದೆ.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್ ಸಡಿಲವಾಗಿದೆ. ಕೈಯಲ್ಲಿ ಹಿಡಿದು ತಿರುಚಿದರೆ ಸಡಿಲ ತಿಳಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗ್ರೀಸ್ ಹೊಡೆಯಿರಿ, ಹಳೇ ಗ್ರೀಸು ನೀರು ಸಮೇತ ಹೊರಬರುವವರೆಗೆ. ಗುಂಡಿಯಲ್ಲಿ ಮಾತ್ರ ಸದ್ದು ಬಂದರೆ ಕಮಾನು ಪಟ್ಟಿಯ ಶ್ಯಾಕಲ್ ಬುಷ್ ನೋಡಿ. ಗಾಡಿ ಒಂದು ಕಡೆಗೆ ವಾಲಿದ್ದರೆ ಪಟ್ಟಿ ಮುರಿದಿದೆ. ಮೇನ್ ಪ್ಲೇಟ್ ಮುರಿದಿದ್ದರೆ ಲೋಡ್ ಹಾಕಿ ಘಾಟಿಗೆ ಹೋಗುವುದು ಬೇಡ.

ತುಕ್ಕು ತಡೆಯುವುದು ಹೇಗೆ?

ಪೂರ್ತಿ ತಡೆಯಲು ಆಗುವುದಿಲ್ಲ, ನಿಧಾನ ಮಾಡಬಹುದು. ಬಾಗಿಲಿನ ತಳದಲ್ಲಿ, ಚಾಸಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ಅವು ಮಣ್ಣಿನಿಂದ ಮುಚ್ಚಿರುತ್ತವೆ. ಒಂದು ತಂತಿ ತೆಗೆದುಕೊಂಡು ಬಿಡಿಸಿ. ಚಾಸಿಯ ಒಳಗೆ ಮಳೆಗಾಲಕ್ಕೆ ಮುಂಚೆ ಆಯಿಲ್ ಸ್ಪ್ರೇ ಮಾಡಿಸಿ, ಬ್ರೇಕ್ ಡ್ರಮ್ಮಿಗೂ ರಬ್ಬರಿಗೂ ತಾಗದ ಹಾಗೆ.

ಕರಾವಳಿಯಿಂದ ಮೀನು ತರುವ ಗಾಡಿಗೆ ಉಪ್ಪುನೀರು ಶತ್ರು. ತೋಟದ ಗಾಡಿಗೆ ಮೈಲುತುತ್ತ. ಮೈಲುತುತ್ತ, ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಮಾಡುವಾಗ ಚಾಕು ಅದ್ದಿ ನೋಡುತ್ತೇವಲ್ಲ, ಚಾಕುವಿನ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದು ಅಂತ. ಗಾಡಿಯ ತಗಡಿನ ಮೇಲೆ ಚೆಲ್ಲಿದ ಮೈಲುತುತ್ತದ ನೀರೂ ಅದೇ ಕೆಲಸ ಮಾಡುತ್ತದೆ. ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಔಷಧಿ ಹೊಡೆಯುವ ದಿನ ಸಂಜೆಯೇ ಬಾಡಿ ತೊಳೆಯಿರಿ, ನಾಳೆಗೆ ಬಿಡಬೇಡಿ.

ಇಲಿ ವೈರ್ ಕಡಿಯುತ್ತದೆ, ಏನು ಮಾಡುವುದು?

ಅಡಿಕೆ ಕೊಟ್ಟಿಗೆಯಲ್ಲಿ, ಹುಲ್ಲಿನ ಪಕ್ಕ ಗಾಡಿ ನಿಲ್ಲಿಸಬೇಡಿ. ವಾರಗಟ್ಟಲೆ ನಿಲ್ಲಿಸುವುದಾದರೆ ಬಾನೆಟ್ ಎತ್ತಿಯೇ ಇಡಿ, ಕತ್ತಲೆ ಇಲ್ಲದಿದ್ದರೆ ಇಲಿ ಗೂಡು ಕಟ್ಟುವುದು ಕಡಿಮೆ. ಕಡಿದ ವೈರಿಗೆ ಬರೀ ಟೇಪ್ ಸುತ್ತಿದರೆ ನಮ್ಮ ಮಳೆಗೆ ಒಂದು ತಿಂಗಳು ಬರುವುದಿಲ್ಲ. ಬೆಸುಗೆ ಹಾಕಿಸಿ ಸ್ಲೀವ್ ಹಾಕಿಸಿ.

ಟೈರ್ ಗುಂಡಿ (ಮೇಲಿನ ಅಚ್ಚು) ಚೆನ್ನಾಗಿಯೇ ಇದೆ, ಬದಲಿಸಬೇಕಾ?

ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರ ತಯಾರಾದದ್ದು. ಗುಂಡಿ ಇದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಪಾಚಿ ಕಟ್ಟಿದ ರಸ್ತೆಯಲ್ಲಿ ಹಿಡಿತ ಸಿಗುವುದಿಲ್ಲ. ಗುಂಡಿಯ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್. ಮಲೆನಾಡಿನ ಮಳೆಗೆ ಅದು ಸಾಲದು, 3 ಮಿಲಿಮೀಟರ್‌ಗೇ ಬದಲಿಸಿ ಅನ್ನುತ್ತೇನೆ.

ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಎಷ್ಟು ವರ್ಷಕ್ಕೊಮ್ಮೆ?

ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ. ಕೆಎ 14 ಶಿವಮೊಗ್ಗ ಆಗಲಿ ಕೆಎ 15 ಸಾಗರ ಆಗಲಿ ಅದೇ ನಿಯಮ. ಬ್ರೇಕ್ ಕೆಲಸವನ್ನು ಎಫ್‌ಸಿಗೆ ಅಂತ ಕಾಯಬೇಡಿ.

ಗಾಡಿಯಲ್ಲಿ ಏನೇನು ಇಟ್ಟುಕೊಂಡಿರಬೇಕು?

ಒಂದು ಹೊಸ ಫ್ಯಾನ್ ಬೆಲ್ಟ್, ಎರಡು ಮೀಟರ್ ಡೀಸೆಲ್ ಪೈಪು, ನಾಲ್ಕಾರು ಕ್ಲಿಪ್, ಫ್ಯೂಸ್, ಒಂದು ಫಿಲ್ಟರ್, ಐದು ಲೀಟರ್ ನೀರು, ಟಾರ್ಚ್, ಮತ್ತೆ ಚಕ್ರಕ್ಕೆ ಕೊಡಲು ಎರಡು ಮರದ ಬೆಣೆ. ಹುಲಿಕಲ್ ಘಾಟಿಯ ನಡುವೆ ಮೊಬೈಲ್ ನೆಟ್‌ವರ್ಕ್ ನಂಬಿಕೊಂಡು ಹೋಗಬೇಡಿ.

ಇಷ್ಟು ಹಳೇ ಗಾಡಿ ಇಟ್ಟುಕೊಳ್ಳುವುದಾ, ಮಾರುವುದಾ?

ಎಂಜಿನ್ ನೋಡಿ ತೀರ್ಮಾನ ಮಾಡಬೇಡಿ, ಎಂಜಿನ್ ಮತ್ತೆ ಕಟ್ಟಬಹುದು. ಚಾಸಿ ನೋಡಿ. ಗಾಡಿ ಅಡಿಗೆ ಹೋಗಿ ಸಣ್ಣ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ಮೊದ್ದಾಗಿ ಕೇಳುತ್ತದೆ, ಪದರ ಉದುರುತ್ತದೆ. ಕಮಾನು ಪಟ್ಟಿ ಕೂರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಈ ಎರಡರಲ್ಲಿ ತೂತು ಬಿದ್ದಿದ್ದರೆ ಲೋಡ್ ಹೊರಲು ಆ ಗಾಡಿ ಬೇಡ. ಬೇರೆ ಕಡೆಯಾದರೆ ಪಟ್ಟಿ ಹಾಕಿಸಬಹುದು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ವೈರ್ ಎರಡೂ ಬಿಚ್ಚಿ, ಇಲ್ಲದಿದ್ದರೆ ಡೈನಮೋದ ಡಯೋಡ್ ಸುಟ್ಟು ಹೋಗುತ್ತದೆ.

ನಮ್ಮ ಗಾಡಿಗೆ ಈ ಸಲ ಮಳೆ ಹಿಡಿಯುವ ಮುಂಚೆ ತಟ್ಟಿ ನೋಡಿದೆ. ಹಿಂದಿನ ಅಡ್ಡಪಟ್ಟಿ ಒಂದು ಕಡೆ ಮೊದ್ದಾಗಿ ಕೇಳಿತು, ಉಳಿದದ್ದೆಲ್ಲ ಠಣ್ ಅಂತು. ಅಡ್ಡಪಟ್ಟಿ ಬದಲಿಸಿದ್ದೇವೆ, ಗಾಡಿ ಇಟ್ಟುಕೊಂಡಿದ್ದೇವೆ.